ಭೇದಿ ಮಾತ್ರೆಯ ಚೀಟಿಯಿಂದ ಹುಟ್ಟಿದ ಮೇಳ

ಎಲ್ಲರಿಗೂ ನಮಸ್ಕಾರ. ಮಳೆ ಬರುವ ಹಾಗಿದ್ದರೂ ಇಷ್ಟು ಜನ ಬಂದಿದ್ದೀರಿ. ಖುಷಿಯಾಯಿತು.

ನಾನು ಸಂಗೀತ ವಿದ್ವಾಂಸನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ದುಡ್ಡು ಎಣಿಸಿದವನು. ಗಣಪತಿ ಹಬ್ಬದ ಸೀಸನ್ನಿನಲ್ಲಿ ಮಾತ್ರ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಆ ಆರ್ಕೆಸ್ಟ್ರಾ ನಾಲ್ಕೇ ವರ್ಷಕ್ಕೆ ಒಡೆಯಿತು. ಶ್ರುತಿ, ತಾಳದ ಜಗಳ ಏನೂ ಇರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸ್ಪೀಕರ್ ಬಾಕ್ಸು ಹೊರುವವರು ಯಾರು ಅನ್ನೋದೇ ಜಗಳ. ಹಾಡುವವರು ಗಂಟಲು ಹಿಡಿದುಕೊಂಡರು, ತಬಲಾದವನು ಕೈ ತೋರಿಸಿದ. ಉಳಿದವನು ನಾನು. ಒಂದು ದಿನ ನಾನೂ ಹೋಗಲಿಲ್ಲ. ಅಲ್ಲಿಗೆ ಮುಗಿಯಿತು.

ಹಾಗಾಗಿ, ತಮಾಷೆ ಸಂಗೀತದ ಒಂದು ಮೇಳ 56 ವರ್ಷ ಬಾಳಿತು ಅಂತ ಕೇಳಿದಾಗ ನನಗೆ ಬಂದ ಮೊದಲ ಪ್ರಶ್ನೆ ಅದೇ. ಅವರ ಬಾಕ್ಸು ಯಾರು ಹೊರುತ್ತಿದ್ದರು?

ಆ ಮೇಳದ ಹೆಸರು ಲೆ ಲುತಿಯೇ. ಊರು ಅರ್ಜೆಂಟೀನಾದ ಬ್ಯೂನಸ್ ಐರಿಸ್. ಭಾಷೆ ಸ್ಪ್ಯಾನಿಷ್, ಹೆಸರು ಮಾತ್ರ ಫ್ರೆಂಚ್. ಲುತಿಯೇ ಅಂದರೆ ಪಿಟೀಲು, ಗಿಟಾರಿನಂಥ ವಾದ್ಯಗಳನ್ನು ಮಾಡುವ ಕಸುಬಿನವನು. 1967ರಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು. ಸ್ಪ್ಯಾನಿಷ್ ಮಾತಾಡುವ ಯಾವ ದೇಶಕ್ಕೆ ಹೋದರೂ ಇವರ ಹೆಸರು ಹೇಳಿದರೆ ಜನ ನಗುತ್ತಾರೆ. ನಮ್ಮಲ್ಲಿ ಕೇಳಿದವರು ಕಡಿಮೆ. ಕಾರಣ ಭಾಷೆ. ಅವರ ಅರ್ಧ ತಮಾಷೆ ಸ್ಪ್ಯಾನಿಷ್ ಪದಗಳ ಒಳಗೇ ಕೂತಿದೆ. ನಾನು ನೋಡಿದ್ದು ಯೂಟ್ಯೂಬಿನಲ್ಲಿ, ಸಬ್‌ಟೈಟಲ್ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ. ಮನೆಯವಳು ಪಕ್ಕದ ಕೋಣೆಯಿಂದ, "ಏನ್ರೀ ಅದು, ಕೊಳಾಯಿ ರಿಪೇರಿ ವಿಡಿಯೋನಾ?" ಅಂತ ಕೇಳಿದಳು. ಅವಳು ಕೇಳಿದ್ದು ತಪ್ಪಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಥೆ ಶುರುವಾಗುವುದು ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನ ಗಾಯನ ತಂಡದಲ್ಲಿ. ಆಗ ಅಲ್ಲಿ ಕಾಲೇಜಿಗೊಂದು ಕಾಯರ್ ಇರುತ್ತಿತ್ತು. ಮೂವತ್ತು, ನಲವತ್ತು ಹುಡುಗ ಹುಡುಗಿಯರು ಸೇರಿ ಯುರೋಪಿನ ಹಳೆಯ ಸಂಗೀತ ಹಾಡುವುದು. ವರ್ಷಕ್ಕೊಮ್ಮೆ ಎಲ್ಲ ಕಾಲೇಜುಗಳ ಕಾಯರ್‌ಗಳೂ ಒಂದೂರಿನಲ್ಲಿ ಸೇರಿ ಉತ್ಸವ ಮಾಡುತ್ತಿದ್ದವು. 1965ರಲ್ಲಿ ಆ ಉತ್ಸವ ನಡೆದದ್ದು ದೇಶದ ಉತ್ತರಕ್ಕಿರುವ ತುಕುಮಾನ್ ನಗರದಲ್ಲಿ. ಅಲ್ಲಿಗೆ ಹೆರಾರ್ದೊ ಮಸಾನಾ ಅನ್ನುವ ಹುಡುಗ ಒಂದು ಹೊಸ ರಚನೆ ತೆಗೆದುಕೊಂಡು ಹೋದ. ಕಲಿತದ್ದು ಕಟ್ಟಡ ಕಟ್ಟುವ ಆರ್ಕಿಟೆಕ್ಟ್ ವಿದ್ಯೆ, ಹುಚ್ಚು ಸಂಗೀತದ್ದು.

ರಚನೆ ಬಾಖ್ ಶೈಲಿಯ ಕ್ಯಾಂಟಾಟಾ, ಅಂದರೆ ವಾದ್ಯಗಳ ಜೊತೆ ಗಾಯನವೃಂದ ಹಾಡುವ ದೊಡ್ಡ ಕೃತಿ. ಬಾಖ್ ಅಂದರೆ 18ನೇ ಶತಮಾನದ ಜರ್ಮನ್ ಸಂಗೀತಗಾರ. ಏಸುವಿನ ಕೊನೆಯ ದಿನಗಳನ್ನು ದೊಡ್ಡ ಗಾಯನವೃಂದಕ್ಕೆ ಬರೆದವನು. ಕೇಳಿದರೆ ಕಣ್ಣು ಒದ್ದೆಯಾಗುವಂಥ ಸಂಗೀತ. ಮಸಾನಾ ಅದೇ ಧಾಟಿ, ಅದೇ ಗಾಂಭೀರ್ಯ, ಅದೇ ಕಟ್ಟುನಿಟ್ಟು ಇಟ್ಟುಕೊಂಡ. ಸಾಹಿತ್ಯಕ್ಕೆ ಮಾತ್ರ ಒಂದು ಭೇದಿ ಮಾತ್ರೆಯ ಡಬ್ಬಿಯೊಳಗಿನ ಚೀಟಿ ಹಾಕಿದ. ಏನೇನು ಬೆರೆತಿದೆ, ಯಾರು ತೆಗೆದುಕೊಳ್ಳಬೇಕು, ಎಷ್ಟು ತೆಗೆದುಕೊಳ್ಳಬೇಕು, ಪರಿಣಾಮ ಏನು. ಎಲ್ಲವೂ ನಾಲ್ಕು ದನಿಗಳಲ್ಲಿ.

ನಮ್ಮ ಕಡೆಗೆ ಎಳೆದುಕೊಂಡು ಊಹಿಸಿ ನೋಡಿ. ಒಳ್ಳೆಯ ಕಛೇರಿ. ವಿದ್ವಾಂಸರು ತೋಡಿಯನ್ನು ಮುಕ್ಕಾಲು ಗಂಟೆ ಆಲಾಪನೆ ಮಾಡಿದ್ದಾರೆ. ಸಭೆ ಕಣ್ಣು ಮುಚ್ಚಿ ತಲೆದೂಗುತ್ತಿದೆ. ನೆರವಲ್‌ಗೆ ಅವರು ಎತ್ತಿಕೊಂಡ ಸಾಲು, "ರಾತ್ರಿ ಊಟದ ನಂತರ ಎರಡು ಮಾತ್ರೆ, ಬಿಸಿನೀರಿನೊಂದಿಗೆ." ಅದನ್ನೇ ಹಿಗ್ಗಿಸಿ, ಕುಗ್ಗಿಸಿ, ಮೇಲಿನ ಷಡ್ಜಕ್ಕೆ ಒಯ್ದು ನಿಲ್ಲಿಸುತ್ತಾರೆ. ಪಿಟೀಲಿನವರು ಅಷ್ಟೇ ಭಕ್ತಿಯಿಂದ ಹಿಂಬಾಲಿಸುತ್ತಾರೆ. ಮೃದಂಗದವರು ಮುಖ ಗಂಟು ಹಾಕಿಕೊಂಡೇ ಇದ್ದಾರೆ. ಯಾರೂ ನಗುತ್ತಿಲ್ಲ, ಸಭೆ ಬಿಟ್ಟು.

ತುಕುಮಾನ್‌ನಲ್ಲೂ ಅದೇ ಆಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಭೇದಿ ಮಾತ್ರೆಗೆ ಇದಕ್ಕಿಂತ ಸರಿಯಾದ ಮಾತು ನನಗೆ ಸಿಗಲಿಲ್ಲ, ಕ್ಷಮಿಸಿ. ಚೀಟಿ ನಿಜವಾದ ಔಷಧಿಯದ್ದಾಗಿತ್ತು. ಹಾಗಾಗಿ ಮುಂದೆ ತೊಂದರೆ ಬೇಡವೆಂದು ಔಷಧಿಯ ಹೆಸರನ್ನು ಬದಲಿಸಿದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಸಂಗೀತ ಕಳಪೆಯಾಗಿದ್ದಿದ್ದರೆ ತಮಾಷೆಯೂ ಸತ್ತಿರುತ್ತಿತ್ತು. ಅಪಸ್ವರ ಹಾಡಿ ನಗಿಸುವುದು ಸುಲಭ, ಆದರೆ ಐದು ನಿಮಿಷಕ್ಕೆ ಬೇಜಾರಾಗುತ್ತದೆ. ಶುದ್ಧವಾಗಿ ಹಾಡಿ ನಗಿಸಬೇಕಾದರೆ ಮೊದಲು ಶುದ್ಧವಾಗಿ ಹಾಡಲು ಬರಬೇಕು. ಬಾಖ್‌ನನ್ನು ಅರೆದು ಕುಡಿದವನು ಮಾತ್ರ ಹಾಗೆ ಅಣಕಿಸಬಲ್ಲ.

ಆ ಯಶಸ್ಸಿನಿಂದ ಮೊದಲು ಹುಟ್ಟಿದ ತಂಡದ ಹೆಸರು ಇ ಮುಸಿಚಿಸ್ತಿ. ಹೆಸರಿನಲ್ಲೇ ಇಟಲಿಯ ಒಂದು ಪ್ರಸಿದ್ಧ ವಾದ್ಯವೃಂದದ ಅಣಕ. ಅವರಿಗೆ ದಿ ತೆಲ್ಲಾ ಸಂಸ್ಥೆಯಲ್ಲಿ ಅವಕಾಶ ಸಿಕ್ಕಿತು. ಆ ಕಾಲಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಹೊಸ ಕಲೆ ಅಂದರೆ ಅದೇ ಜಾಗ. 1967ರಲ್ಲಿ ಅಲ್ಲಿ ಪ್ರದರ್ಶನ ನಡೆಯುತ್ತಿರುವಾಗಲೇ ತಂಡದೊಳಗೆ ಜಗಳ ಬಂತು. ಯಾವುದಕ್ಕೆ ಗೊತ್ತಾ? ಕೆಲಸಕ್ಕೂ ದುಡ್ಡಿಗೂ. ಸಂಗೀತ ಬರೆಯುವವನು, ರಾತ್ರಿಯೆಲ್ಲಾ ಕೂತು ವಾದ್ಯ ಮಾಡುವವನು ಮಸಾನಾ. ಹಂಚಿಕೆ ಮಾಡುವಾಗ ಆ ಕೆಲಸಕ್ಕೂ ಲೆಕ್ಕ ಇರಬೇಕು ಅಂದ. ಉಳಿದವರು ಒಪ್ಪಲಿಲ್ಲ. ಅವನು ಎದ್ದು ನಡೆದ. ಜೊತೆಗೆ ಮೂವರು ಎದ್ದರು: ಮಾರ್ಕೊಸ್ ಮುಂಡ್‌ಸ್ಟಾಕ್, ದಾನಿಯೆಲ್ ರಬಿನೊವಿಚ್, ಹೊರ್ಹೆ ಮರೊನಾ. 1967ರ ಸೆಪ್ಟೆಂಬರ್ 4ರಂದು ಲೆ ಲುತಿಯೇ ಹುಟ್ಟಿತು.

ನೋಡಿ, ಸ್ಪೀಕರ್ ಬಾಕ್ಸಿನ ಜಗಳವೇ. ಆದರೆ ಅವರು ಆ ಜಗಳದಿಂದ ಏನನ್ನೋ ಕಲಿತರು, ನಾವು ಕಲಿಯಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ವಾದ್ಯಗಳು. ಕಥೆಯ ರುಚಿಯಾದ ಭಾಗ ಇದು, ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ಮಸಾನಾ ಮಾಡಿದ ಮೊದಲ ವಾದ್ಯಗಳಲ್ಲಿ ಒಂದು ಬಾಸ್ ಪೈಪ್. ಬಟ್ಟೆ ಸುತ್ತಿಡುವ ದಪ್ಪ ರಟ್ಟಿನ ಕೊಳವೆಗಳನ್ನು ನೀವು ನೋಡಿರುತ್ತೀರಿ. ಅಂಥವನ್ನು ಕಸದ ರಾಶಿಯಿಂದ ಹೆಕ್ಕಿ ತಂದ. ಒಂದರೊಳಗೊಂದು ಜಾರುವ ಹಾಗೆ ಜೋಡಿಸಿದ. ಊದಿದರೆ ಆನೆ ಆಕಳಿಸಿದ ಹಾಗೆ ಸದ್ದು. ಕೊಳವೆಯನ್ನು ಉದ್ದ, ಗಿಡ್ಡ ಮಾಡಿದರೆ ಸ್ವರ ಬದಲಾಗುತ್ತದೆ. ಹೊರಲಾಗದಷ್ಟು ದೊಡ್ಡದು. ಅದಕ್ಕೇ ಚಕ್ರ ಹಾಕಿದರು, ವೇದಿಕೆಗೆ ತಳ್ಳುಗಾಡಿಯ ಹಾಗೆ ತಳ್ಳಿಕೊಂಡು ಬರುತ್ತಿದ್ದರು. ಕಸದಿಂದ ರಸ ಅನ್ನುವುದು ಅಕ್ಷರಶಃ ನಿಜವಾದದ್ದು ಇಲ್ಲಿ. ನನ್ನ ಹೆಂಡತಿ ಕೊಳಾಯಿ ರಿಪೇರಿ ಅಂದುಕೊಂಡದ್ದು ಈ ವಾದ್ಯವನ್ನೇ.

ಆಮೇಲೆ ಲಾತೀನ್. ಸ್ಪ್ಯಾನಿಷ್‌ನಲ್ಲಿ ಲಾತಾ ಅಂದರೆ ತಗಡಿನ ಡಬ್ಬ, ವಿಯೊಲೀನ್ ಅಂದರೆ ಪಿಟೀಲು. ತಗಡಿನ ಡಬ್ಬಕ್ಕೆ ಪಿಟೀಲಿನ ಕುತ್ತಿಗೆ ಕೂರಿಸಿ, ತಂತಿ ಎಳೆದು, ಕಮಾನು ಹಾಕಿದರು. ಎರಡು ಪದ ಸೇರಿ ಲಾತೀನ್ ಆಯಿತು. ಲಾತೀನ್ ಅಂದರೆ ಅವರಲ್ಲಿ ಲ್ಯಾಟಿನ್ ಭಾಷೆಯೂ ಹೌದು. ಅಂದರೆ ಡಬ್ಬಕ್ಕೆ ಏಕ್‌ದಂ ಪಂಡಿತರ ಹೆಸರು. ಇದು ಇವರ ಪದ್ಧತಿ. ವಸ್ತು ಕಸದ್ದು, ಹೆಸರು ಘನವಾದದ್ದು, ನುಡಿಸುವವನ ಮುಖ ಅದಕ್ಕಿಂತ ಘನವಾದದ್ದು. ಮೈಮೇಲೆ ಕಪ್ಪು ಕೋಟು, ಬಿಳಿ ಅಂಗಿ, ಕತ್ತಿಗೆ ಬೋ ಟೈ.

ಅಲ್ಲಿಯವರು ಮಾತೆ ಅನ್ನುವ ಒಂದು ಬಗೆಯ ಚಹಾವನ್ನು ಒಣಗಿದ ಪುಟ್ಟ ಬುರುಡೆಯಲ್ಲಿ ಕುಡಿಯುತ್ತಾರೆ. ನಮ್ಮ ಸೋರೆಬುರುಡೆಯ ತಮ್ಮ ಅನ್ನಿ. ಆ ಬುರುಡೆಗಳಿಂದ ಒಂದು ವಾದ್ಯ. ತೋಟಕ್ಕೆ ನೀರು ಬಿಡುವ ಪೈಪಿನ ಒಂದು ತುದಿಗೆ ತುತ್ತೂರಿಯ ಬಾಯಿ, ಇನ್ನೊಂದು ತುದಿಗೆ ಲಾಳಿಕೆ ಸಿಕ್ಕಿಸಿ ಒಂದು ವಾದ್ಯ. ಟೈಪ್‌ರೈಟರಿನ ಕೀಲಿ ಒತ್ತಿದರೆ ಅಕ್ಷರದ ಬದಲು ಸ್ವರ ಬೀಳುವ ಒಂದು ವಾದ್ಯ. ಬ್ಯಾಂಕಿನವನಾದ ನನಗೆ ಅದರ ಮೇಲೆ ವಿಶೇಷ ಪ್ರೀತಿ. ಸೈಕಲ್ ಚಕ್ರ ತಿರುಗಿದಾಗ ಮ್ಯಾಂಡೊಲಿನ್ ತಂತಿ ಮೀಟುವ ಇನ್ನೊಂದು. ಚೆಂಡುಗಳ ಒಳಗೆ ಹಾರ್ಮೋನಿಯಂ ರೀಡಿನಂಥದ್ದನ್ನು ಕೂರಿಸಿ, ಚೆಂಡು ಹಿಂಡಿದರೆ ಸ್ವರ ಬರುವ ಮತ್ತೊಂದು. ಬಚ್ಚಲುಮನೆಯನ್ನೂ ಬಿಡಲಿಲ್ಲ. ಷವರಿನ ನೀರು ಬಿದ್ದು ನುಡಿಯುವ ವಾದ್ಯವಿದೆ. ಅಲ್ಲಿ ಶೌಚದ ನಂತರ ತೊಳೆದುಕೊಳ್ಳಲು ಬಿದೆ ಅನ್ನುವ ಪಿಂಗಾಣಿ ಬೋಗುಣಿ ಇರುತ್ತದೆ, ಅದಕ್ಕೆ ತಂತಿ ಕಟ್ಟಿದ್ದೂ ಇದೆ. ಆ ಬಿದೆಯ ಹೆಸರನ್ನು "ನನ್ನ ಮರೆಯಬೇಡ" ಅನ್ನುವ ಅರ್ಥದ ಒಂದು ಹೂವಿನ ಹೆಸರಿನೊಳಗೆ ತುರುಕಿದ್ದಾರೆ. ಮರೆಯುವುದು ಹೇಗೆ ಹೇಳಿ.

ಇವನ್ನೆಲ್ಲ ಮಾಡಿದವರು ಯಾರು? ಮೊದಮೊದಲು ಮಸಾನಾ ಮತ್ತು ಗೆಳೆಯರೇ. ಆಮೇಲೆ ಬಹಳ ವರ್ಷ ಕಾರ್ಲೊಸ್ ಇರಾಲ್ದಿ ಅನ್ನುವವರು. ಇವರು ವೃತ್ತಿಯಲ್ಲಿ ಮನೋವಿಶ್ಲೇಷಕ ವೈದ್ಯರು. ಹಗಲು ರೋಗಿಗಳ ಮನಸ್ಸು ಬಿಚ್ಚುವುದು, ಬಿಡುವಾದಾಗ ಕೊಳವೆ ಕೊರೆಯುವುದು. 1979ರ ಪ್ರದರ್ಶನಕ್ಕೆ ಅಂತೆನೊರ್ ಅನ್ನುವ ವಾದ್ಯ ನುಡಿಸುವ ರೋಬೋಟನ್ನೂ ಮಾಡಿಕೊಟ್ಟರು. 1995ರಲ್ಲಿ ಅವರು ತೀರಿಕೊಂಡ ಮೇಲೆ ಉಗೊ ದೊಮಿಂಗೆಸ್ ಆ ಕೆಲಸ ಮುಂದುವರಿಸಿದರು.

ಇಷ್ಟು ಹೊತ್ತು ವಾದ್ಯಗಳ ಬಗ್ಗೆ ಹೇಳಿದ್ದಕ್ಕೆ ಕಾರಣವಿದೆ. ಈ ಯಾವ ವಾದ್ಯವೂ ಬರೀ ನೋಟಕ್ಕಲ್ಲ. ಎಲ್ಲವೂ ಶ್ರುತಿಗೆ ನುಡಿಯುತ್ತವೆ. ಡಬ್ಬದ ಪಿಟೀಲಿನಲ್ಲಿ ಕಾರ್ಲೊಸ್ ಲೋಪೆಸ್ ಪುಚಿಯೊ ನುಡಿಸುವುದನ್ನು ಕಣ್ಣು ಮುಚ್ಚಿ ಕೇಳಿ. ಸ್ವಲ್ಪ ನೆಗಡಿಯಾದ ಪಿಟೀಲು ಅನಿಸುತ್ತದೆ, ಅಷ್ಟೇ. ಕಣ್ಣು ಬಿಟ್ಟರೆ ನಗು. ಮತ್ತೆ ಮುಚ್ಚಿದರೆ ಸಂಗೀತ.

ಈಗ ಮನುಷ್ಯರು. ಮಸಾನಾ ಆರ್ಕಿಟೆಕ್ಟ್. ರಬಿನೊವಿಚ್ ನೋಟರಿ. ಅರ್ಜೆಂಟೀನಾದಲ್ಲಿ ನೋಟರಿ ಅಂದರೆ ಕೋರ್ಟಿನ ಮುಂದೆ ಮರದ ಕೆಳಗೆ ಸೀಲು ಹಿಡಿದು ಕೂರುವವರಲ್ಲ. ಮನೆ, ಜಮೀನಿನ ಪತ್ರವೆಲ್ಲ ಅವರ ಕೈಯಲ್ಲೇ ಆಗಬೇಕು, ದೊಡ್ಡ ಹುದ್ದೆ. ಮುಂಡ್‌ಸ್ಟಾಕ್ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ರೇಡಿಯೋ ಉದ್ಘೋಷಕನಾದವರು, ಜಾಹೀರಾತು ಬರೆಯುತ್ತಿದ್ದವರು. ಮರೊನಾ ಗಿಟಾರ್ ಕಲಿತವರು. ಆಮೇಲೆ ಸೇರಿದವರಲ್ಲಿ ಕಾರ್ಲೊಸ್ ನೂನ್ಯೆಸ್ ಕೊರ್ತೆಸ್ ರಸಾಯನಶಾಸ್ತ್ರದ ಡಾಕ್ಟರೇಟ್. ಲ್ಯಾಬಿನ ಗಾಜಿನ ಟೆಸ್ಟ್ ಟ್ಯೂಬುಗಳನ್ನೇ ಸಾಲಾಗಿ ಜೋಡಿಸಿ ಕೊಳಲಿನ ಹಾಗೆ ಊದುತ್ತಿದ್ದರು. ಥೇಲ್ಸ್‌ನ ಪ್ರಮೇಯ ಗೊತ್ತಲ್ಲ, ಹೈಸ್ಕೂಲಿನಲ್ಲಿ ಸಮಾನಾಂತರ ರೇಖೆ, ಅನುಪಾತ ಅಂತ ಬರುತ್ತಿತ್ತು. ಅದನ್ನು ಇಡೀ ಹಾಡು ಮಾಡಿದವರು ಇವರು. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಆ ಹಾಡಿನಿಂದಲೇ ಪ್ರಮೇಯ ನೆನಪಿಟ್ಟುಕೊಂಡವರು ತುಂಬ ಜನ. ಲೋಪೆಸ್ ಪುಚಿಯೊ ಗಾಯನವೃಂದ ನಡೆಸುವುದನ್ನು ಕ್ರಮವಾಗಿ ಓದಿದವರು. ಎರ್ನೆಸ್ತೊ ಅಚೆರ್ ಮತ್ತೊಬ್ಬ ಆರ್ಕಿಟೆಕ್ಟ್.

ಶುರುವಿನಲ್ಲಿ ಕಾಫಿ ಕಾನ್ಸರ್ಟ್ ಅಂತ ಕರೆಯುವ ಸಣ್ಣ ಸಣ್ಣ ಹಾಲುಗಳಲ್ಲಿ ಕಾರ್ಯಕ್ರಮ ಕೊಡುತ್ತಿದ್ದರು. ಮೇಜು, ಗ್ಲಾಸು, ಹೊಗೆ, ಮೂಗಿನ ಮುಂದೆಯೇ ವೇದಿಕೆ. ಅಂಥ ಜಾಗದಲ್ಲಿ ತಮಾಷೆ ಬಿದ್ದರೆ ತಕ್ಷಣ ಗೊತ್ತಾಗುತ್ತದೆ, ಬೀಳದಿದ್ದರೆ ಇನ್ನೂ ಬೇಗ ಗೊತ್ತಾಗುತ್ತದೆ. ದೊಡ್ಡ ಥಿಯೇಟರುಗಳಿಗೆ ಹೋದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಹೊಸ ಪ್ರದರ್ಶನವನ್ನು ರಾಜಧಾನಿಗೆ ತರುವ ಮೊದಲು ರೊಸಾರಿಯೊ ನಗರದಲ್ಲಿ ಆಡಿ ನೋಡುವುದು ಅವರ ಪದ್ಧತಿಯಾಯಿತು. ಜನ ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ನೋಡಿ, ಕತ್ತರಿಸಿ, ಹೊಲಿದು, ಆಮೇಲೆ ಬ್ಯೂನಸ್ ಐರಿಸ್.

ಪ್ರದರ್ಶನ ಹೇಗಿರುತ್ತಿತ್ತು? ಕತ್ತಲ ವೇದಿಕೆ. ಮುಂಡ್‌ಸ್ಟಾಕ್ ಒಂದು ಫೈಲು ಹಿಡಿದು ಮೈಕಿನ ಮುಂದೆ ಬರುತ್ತಾರೆ. ಬೋಳುತಲೆ, ಬಾವಿಯೊಳಗಿಂದ ಬಂದಂಥ ದನಿ. ಹಿಂದೆ ಆಕಾಶವಾಣಿಯಲ್ಲಿ ಕಛೇರಿಗೆ ಮುಂಚೆ ಗಂಭೀರವಾಗಿ ಪರಿಚಯ ಹೇಳುತ್ತಿದ್ದರಲ್ಲ, ಅದೇ ಠೀವಿ. ಫೈಲು ತೆರೆದು ಒಬ್ಬ ಮಹಾನ್ ಸಂಗೀತಗಾರನ ಜೀವನದ ಒಂದು ಘಟನೆ ಓದುತ್ತಾರೆ. ಆ ಸಂಗೀತಗಾರನ ಹೆಸರು ಯೊಹಾನ್ ಸೆಬಾಸ್ಟಿಯನ್ ಮಾಸ್ತ್ರೊಪಿಯೆರೊ.

ಅಂಥ ಮನುಷ್ಯ ಇರಲೇ ಇಲ್ಲ. ಮುಂಡ್‌ಸ್ಟಾಕ್ ಹುಟ್ಟಿಸಿದ್ದು. ಆದರೆ ವರ್ಷ ಹೋದ ಹಾಗೆ ಅವನಿಗೆ ಇಡೀ ಬದುಕು ಬೆಳೆಯಿತು. ಹಾರೊಲ್ಡ್ ಅನ್ನುವ ಅವಳಿ ಸಹೋದರ, ಅವನು ಗೂಂಡಾ. ಶಾರ್ಟ್‌ಶಾಟ್ ಅನ್ನುವ ಶ್ರೀಮಂತ ಹೆಂಗಸಿನ ಜೊತೆ ಸಂಬಂಧ, ಹೇಳಿಕೊಳ್ಳಲಾಗದ ಮಕ್ಕಳು. ಕದ್ದ ಸ್ವರಗಳು, ತೀರದ ಸಾಲಗಳು. ಬರೆದದ್ದೆಲ್ಲ ಸೋಲು. ಮುಂಡ್‌ಸ್ಟಾಕ್ ಇಷ್ಟನ್ನೂ ನಗದೆ ಓದುತ್ತಾರೆ. ಓದಿ ಮುಗಿಸಿ ಹಿಂದೆ ಸರಿದರೆ ಉಳಿದವರು ಆ ಸೋತ ಸಂಗೀತಗಾರನ ಕೃತಿಯನ್ನು ಅಚ್ಚುಕಟ್ಟಾಗಿ ನುಡಿಸುತ್ತಾರೆ. ಒಮ್ಮೆ ಬೊಲೆರೊ, ಒಮ್ಮೆ ಒಪೆರಾ, ಒಮ್ಮೆ ಜಾಝ್, ಒಮ್ಮೆ ಅರ್ಜೆಂಟೀನಾದ ಹಳ್ಳಿ ಹಾಡು. ಇತಿಹಾಸದಲ್ಲಿ ಇಷ್ಟು ಶೈಲಿಯಲ್ಲಿ ಬರೆದ ಮನುಷ್ಯ ಇನ್ನೊಬ್ಬನಿಲ್ಲ. ಇದ್ದಿದ್ದರೆ ತಾನೇ.

ಮುಂಡ್‌ಸ್ಟಾಕ್‌ಗೆ ಎದುರು ಜೋಡಿ ರಬಿನೊವಿಚ್. ದುಂಡು ಮುಖ, ಮಗುವಿನ ಕಣ್ಣು. ಅವರ ಕೈಗೆ ಓದಲು ಒಂದು ಹಾಳೆ ಕೊಟ್ಟರೆ ಮುಗಿಯಿತು. ಎಲ್ಲಿ ನಿಲ್ಲಬಾರದೋ ಅಲ್ಲಿ ನಿಲ್ಲುತ್ತಾರೆ, ಎಲ್ಲಿ ಒಡೆಯಬಾರದೋ ಅಲ್ಲಿ ಪದ ಒಡೆಯುತ್ತಾರೆ. ಅವರ ಒಂದು ಪ್ರಸಿದ್ಧ ತಪ್ಪನ್ನು ಹೇಳುತ್ತೇನೆ. ತೆರ್ಪ್ಸಿಕೊರೆ ಅಂದರೆ ಗ್ರೀಕರ ನೃತ್ಯದೇವತೆ. ಹಾಳೆಯಲ್ಲಿ ಇರುವುದು "ಎಸ್ ತೆರ್ಪ್ಸಿಕೊರೆ", ಅಂದರೆ "ಅವಳು ತೆರ್ಪ್ಸಿಕೊರೆ". ರಬಿನೊವಿಚ್ ಓದುವುದು "ಎಸ್ತೆರ್ ಪಿಸ್ಕೊರೆ". ಎಸ್ತೆರ್ ಅನ್ನುವುದು ಅಲ್ಲಿ ಮನೆಮನೆಯಲ್ಲಿರುವ ಹೆಂಗಸಿನ ಹೆಸರು. ಒಂದು ಕ್ಷಣದಲ್ಲಿ ದೇವತೆ ಹೋಗಿ ಪಕ್ಕದ ಬೀದಿಯ ಎಸ್ತೆರಮ್ಮ ಬಂದು ನಿಂತಳು.

ಇದನ್ನು ನಿಮಗೆ ಹೇಗೆ ಹೇಳುವುದು ಅಂತ ನಾನು ಎರಡು ದಿನ ಒದ್ದಾಡಿದೆ. ಕೊನೆಗೆ ಸಿಕ್ಕಿತು. ಸಮಾರಂಭದಲ್ಲಿ ಒಬ್ಬರು ಬರೆದುಕೊಟ್ಟ ಭಾಷಣ ಓದುತ್ತಿದ್ದಾರೆ. ಹಾಳೆಯಲ್ಲಿ ಇರುವುದು, "ವಿದ್ಯೆಯ ಅಧಿದೇವತೆ ಸರಸ್ವತಿಗೆ ನಮಸ್ಕಾರ." ಅವರು ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ, "ವಿದ್ಯೆಯ ಅಧಿದೇವತೆ... ಸರಸು ಅತ್ತಿಗೆ... ನಮಸ್ಕಾರ."

ನಕ್ಕಿರಿ ಅಲ್ವಾ? ಅದೇ. ಇದರಲ್ಲಿ ಕೆಟ್ಟ ಮಾತಿಲ್ಲ, ಯಾರ ಮೈಬಣ್ಣ, ಜಾತಿ, ಕುಂಟುತನ ಇಲ್ಲ. ಭಾಷೆ ತನ್ನ ಕಾಲಿಗೆ ತಾನೇ ತೊಡರಿ ಬಿದ್ದಿದೆ. ಲೆ ಲುತಿಯೇ ಐವತ್ತು ವರ್ಷ ಇದನ್ನೇ ಕೃಷಿ ಮಾಡಿತು. ಪ್ರದರ್ಶನಗಳ ಹೆಸರುಗಳಲ್ಲೇ ಈ ಆಟ. 1994ರ ಒಂದರ ಹೆಸರು 'ಊನೆನ್ ಕಾಂತೊ ಕೊನ್ ಉಮೊರ್', ಹಾಡನ್ನು ಹಾಸ್ಯಕ್ಕೆ ಜೋಡಿಸುತ್ತಾರೆ ಅಂತ ಅರ್ಥ; ಮೊದಲೆರಡು ಪದಗಳನ್ನು ಬೇರೆ ಕಡೆ ಒಡೆದು 'ಉನ್ ಎಂಕಾಂತೊ' ಅಂತ ಓದಿದರೆ ಮೋಡಿ ಅಂತ ಅರ್ಥ.

ಇನ್ನು ಬಾಕ್ಸಿನ ಪ್ರಶ್ನೆಗೆ ಬರೋಣ.

1973ರ ನವೆಂಬರಿನಲ್ಲಿ ಮಸಾನಾ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. 36 ವರ್ಷ. ತಂಡ ಹುಟ್ಟಿಸಿದವನು, ವಾದ್ಯ ಮಾಡಿದವನು, ಮೊದಲ ತಮಾಷೆ ಬರೆದವನು, ಆರೇ ವರ್ಷಕ್ಕೆ ಇಲ್ಲ. ಸಾಮಾನ್ಯವಾಗಿ ಮೇಳಗಳು ಇಲ್ಲೇ ಮುಗಿಯುತ್ತವೆ. ಯಜಮಾನ ಹೋದರೆ ಉಳಿದವರು ಯಜಮಾನಿಕೆಗೆ ಕಿತ್ತಾಡುತ್ತಾರೆ.

ಇವರು ಯಜಮಾನನನ್ನೇ ಮಾಡಲಿಲ್ಲ. ಎಲ್ಲರೂ ಸೇರಿ ಬರೆಯುವುದು, ಎಲ್ಲರೂ ಕೂತು ತೀರ್ಮಾನ ಮಾಡುವುದು. ಒಬ್ಬರು ತಂದ ಹಾಡನ್ನು ಉಳಿದವರು ಕುಯ್ದು ನೋಡುತ್ತಿದ್ದರು. ಹೊರಗಿನಿಂದ ರೊಸಾರಿಯೊದ ವ್ಯಂಗ್ಯಚಿತ್ರಕಾರ, ಕಥೆಗಾರ ರೊಬೆರ್ತೊ ಫೊಂತಾನಾರೊಸಾ ಬರವಣಿಗೆಗೆ ಕೈ ಜೋಡಿಸಿದರು. ಅವರ ತಮಾಷೆಗೂ ಅದೇ ಪರೀಕ್ಷೆ.

ಆದರೂ ಜಗಳ ಬರುತ್ತಿತ್ತು. ಬರದೆ ಇರುತ್ತದೆಯೇ? ಆರು ಜನ ಗಂಡಸರು, ಎಲ್ಲರೂ ಬುದ್ಧಿವಂತರು, ವರ್ಷದ ಬಹುಭಾಗ ಒಟ್ಟಿಗೆ ಪ್ರವಾಸ. ಆಗ ಅವರು ಮಾಡಿದ ಕೆಲಸ ನನಗೆ ಅವರ ಎಲ್ಲ ವಾದ್ಯಗಳಿಗಿಂತ ಸೋಜಿಗ ಅನಿಸಿತು. ಫೆರ್ನಾಂದೊ ಉಯೊವಾ ಅನ್ನುವ ಮನೋವಿಶ್ಲೇಷಕರ ಹತ್ತಿರ ಹೋದರು. ಒಬ್ಬೊಬ್ಬರಾಗಿ ಅಲ್ಲ, ಇಡೀ ತಂಡ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಯಾರ ಮೇಲೆ ಯಾರಿಗೆ ಯಾಕೆ ಸಿಟ್ಟು ಅಂತ ಮಾತಾಡುವುದು. ಒಂದೆರಡು ಸಲವಲ್ಲ, ವರ್ಷಗಟ್ಟಲೆ. ಬ್ಯೂನಸ್ ಐರಿಸ್‌ನಲ್ಲಿ ಮನೋವಿಶ್ಲೇಷಣೆಗೆ ಹೋಗುವುದು ನಮ್ಮಲ್ಲಿ ಜಾತಕ ತೋರಿಸಲು ಹೋದಷ್ಟೇ ಮಾಮೂಲಿ, ಅದು ನಿಜ. ಆದರೂ ಒಂದು ತಮಾಷೆ ಮೇಳ ತನ್ನ ಜಗಳಕ್ಕೂ ರಿಹರ್ಸಲ್‌ನಷ್ಟೇ ಹೊತ್ತು, ದುಡ್ಡು ಎತ್ತಿಟ್ಟಿತಲ್ಲ! 1967ರಲ್ಲಿ ಒಂದು ತಂಡ ಒಡೆದದ್ದನ್ನು ಕಂಡವರು ಅವರು. ನಮ್ಮ ಆರ್ಕೆಸ್ಟ್ರಾದವರು ಒಂದು ಸಲ ಒಟ್ಟಿಗೆ ಕೂತು ಕಾಫಿ ಕುಡಿದಿದ್ದರೂ ಸಾಕಿತ್ತೇನೋ.

ಎಲ್ಲವೂ ಸರಿಹೋಯಿತು ಅಂತಲ್ಲ. 1986ರಲ್ಲಿ ಅಚೆರ್ ಬಿಟ್ಟುಹೋದರು. ಆಮೇಲೆ ಉಳಿದ ಐದೇ ಜನ 2015ರವರೆಗೆ ನಡೆಸಿದರು. ಹೊಸಬರನ್ನು ಸೇರಿಸಿಕೊಳ್ಳಲಿಲ್ಲ.

ದೇಶದ ಕಥೆಯೂ ಸ್ವಲ್ಪ ಹೇಳಬೇಕು. 1976ರಿಂದ 1983ರವರೆಗೆ ಅರ್ಜೆಂಟೀನಾದಲ್ಲಿ ಸೇನೆಯ ಆಡಳಿತ. ಸಾವಿರಾರು ಜನರನ್ನು ಎತ್ತಿಕೊಂಡು ಹೋದರು, ಅವರು ಮತ್ತೆ ಸಿಗಲಿಲ್ಲ. ಲೆ ಲುತಿಯೇ ಬೆಳೆದದ್ದು ಅದೇ ವರ್ಷಗಳಲ್ಲಿ. ಆಳುವವರ ಹೆಸರು ಹೇಳಿ ಬೈಯುವ ತಂಡ ಅಲ್ಲ ಅದು, ಮೊದಲೂ ಅಲ್ಲ, ಆಮೇಲೂ ಅಲ್ಲ. ಇದನ್ನು ಹೇಡಿತನ ಅನ್ನುವವರು ಇರಬಹುದು. ನನಗೆ ಹಾಗನಿಸುವುದಿಲ್ಲ. ಘನವಾದ ದನಿಯಲ್ಲಿ ಹೇಳಿದ್ದೆಲ್ಲ ಸುಳ್ಳಿರಬಹುದು ಅಂತ ಮುಂಡ್‌ಸ್ಟಾಕ್ ಪ್ರತಿ ರಾತ್ರಿ ತೋರಿಸುತ್ತಿದ್ದರು. ಆ ದೇಶದಲ್ಲಿ ಆಗ ಘನವಾದ ದನಿಯಲ್ಲಿ ಮಾತಾಡುತ್ತಿದ್ದವರು ಯಾರು ಅಂತ ಜನರಿಗೆ ಗೊತ್ತಿತ್ತು. ಪ್ರಜಾಪ್ರಭುತ್ವ ಬಂದು ಒಂದು ದಶಕದ ಮೇಲೆ ನೇರವಾಗಿಯೇ ಒಂದು ಪ್ರಹಸನ ಮಾಡಿದರು. ಇಬ್ಬರು ರಾಜಕಾರಣಿಗಳು ರಾಷ್ಟ್ರಗೀತೆಯನ್ನು ತಮ್ಮ ಪಕ್ಷಕ್ಕೆ ಅನುಕೂಲವಾಗುವ ಹಾಗೆ ಬದಲಿಸಿಕೊಡು ಅಂತ ಒಬ್ಬ ಬಡಪಾಯಿ ಸಂಗೀತಗಾರನನ್ನು ಕೂರಿಸಿಕೊಂಡಿದ್ದಾರೆ. ಒಂದೊಂದೇ ಪದ ಬದಲಾಗುತ್ತಾ ಹೋಗುತ್ತದೆ. ಅದನ್ನು ಇವತ್ತು ಯಾವ ದೇಶದಲ್ಲಿ ತೋರಿಸಿದರೂ ಅನುವಾದ ಬೇಕಾಗುವುದಿಲ್ಲ.

ಅವರ ಎಲ್ಲವನ್ನೂ ನಾನು ಒಪ್ಪಿಕೊಂಡೆ ಅಂದುಕೊಳ್ಳಬೇಡಿ. ಆಫ್ರಿಕಾದವನೊಬ್ಬನ ಕಥೆ ಹೇಳುವ ಒಂದು ಹಳೆಯ ತುಣುಕಿದೆ. ಅಲ್ಲಿ ಅದು ಬಹಳ ಪ್ರಸಿದ್ಧ. ಇವತ್ತು ನೋಡಿದರೆ ಮುಜುಗರವಾಗುತ್ತದೆ. ಹೆಸರು, ಊಟ, ಉಡುಗೆ ಎಲ್ಲ ಗೇಲಿ. ಸರಸು ಅತ್ತಿಗೆಯ ತಮಾಷೆ ಮಾಡಬಲ್ಲವರಿಗೆ ಅದು ಬೇಕಿರಲಿಲ್ಲ. ಇನ್ನು, ಹುಟ್ಟಿನಿಂದ ಕೊನೆಯವರೆಗೆ ತಂಡದ ಸದಸ್ಯರು ಬರೀ ಗಂಡಸರು. ಅವರು ಬಂದದ್ದು ಹುಡುಗಿಯರೂ ಇದ್ದ ಕಾಯರಿನಿಂದ ಅನ್ನುವುದನ್ನು ನೆನೆದರೆ ಸೋಜಿಗ.

1986ರಲ್ಲಿ ತೆಯಾತ್ರೊ ಕೊಲೋನ್‌ನಲ್ಲಿ ಕಾರ್ಯಕ್ರಮ ಕೊಟ್ಟರು. ಅದು ಬ್ಯೂನಸ್ ಐರಿಸ್‌ನ ಒಪೆರಾ ಮಂದಿರ, ಜಗತ್ತಿನ ದೊಡ್ಡ ಒಪೆರಾ ಮಂದಿರಗಳಲ್ಲಿ ಒಂದು. ಯಾವ ಸಂಗೀತವನ್ನು ಇವರು ಅಣಕಿಸುತ್ತಾ ಬಂದರೋ ಅದರ ಗರ್ಭಗುಡಿ. 2014ರಲ್ಲಿ ಅದೇ ವೇದಿಕೆಯಲ್ಲಿ ಮಾರ್ತಾ ಆರ್ಗೆರಿಚ್, ದಾನಿಯೆಲ್ ಬಾರೆನ್‌ಬೊಯಿಮ್ ಜೊತೆ ಕಾಣಿಸಿಕೊಂಡರು. ಇಬ್ಬರೂ ಅರ್ಜೆಂಟೀನಾದಲ್ಲಿ ಹುಟ್ಟಿ ಜಗತ್ತು ಗೆದ್ದ ಪಿಯಾನೊ ವಾದಕರು. ಅವರು ಸುಮ್ನೆ ಯಾರ ಪಕ್ಕದಲ್ಲೂ ಕೂರುವವರಲ್ಲ.

ಮುಂದಿನ ವರ್ಷ, 2015ರ ಆಗಸ್ಟಿನಲ್ಲಿ, ರಬಿನೊವಿಚ್ ತೀರಿಕೊಂಡರು. 71 ವರ್ಷ. ಆಗ ಬೇರೆ ದಾರಿಯಿಲ್ಲದೆ ಹೊಸಬರು ಬಂದರು. 2017ರಲ್ಲಿ ನೂನ್ಯೆಸ್ ಕೊರ್ತೆಸ್ ತಾವಾಗಿಯೇ ನಿವೃತ್ತರಾದರು. ಅದೇ ವರ್ಷ ಸ್ಪೇನಿನ ದೊಡ್ಡ ಗೌರವವಾದ ಪ್ರಿನ್ಸೆಸ್ ಆಫ್ ಆಸ್ಟುರಿಯಾಸ್ ಪ್ರಶಸ್ತಿ ಬಂತು. ತಂಡದ ಪರವಾಗಿ ಭಾಷಣ ಓದಿದವರು ಮುಂಡ್‌ಸ್ಟಾಕ್. ಅದೇ ದನಿ, ಅದೇ ಠೀವಿ, ಎದುರಿಗೆ ಈ ಸಲ ನಿಜವಾದ ರಾಜ. 2019ರಲ್ಲಿ ಅರ್ಜೆಂಟೀನಾದ ಕೊರ್ದೊಬಾ ನಗರದಲ್ಲಿ ಸ್ಪ್ಯಾನಿಷ್ ಭಾಷೆಯ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ನಮ್ಮ ಸಾಹಿತ್ಯ ಸಮ್ಮೇಳನದ ಹಾಗೆ, ಆದರೆ ಇಪ್ಪತ್ತು ದೇಶಗಳದ್ದು. ಆರೋಗ್ಯ ಸರಿಯಿಲ್ಲದ ಮುಂಡ್‌ಸ್ಟಾಕ್ ಹೋಗಲಾಗಲಿಲ್ಲ, ವಿಡಿಯೋದಲ್ಲಿ ಭಾಷಣ ಕಳಿಸಿದರು. ಭಾಷಾ ಪಂಡಿತರ ಸಭೆ ಪರದೆ ನೋಡಿ ಬಿದ್ದುಬಿದ್ದು ನಕ್ಕಿತು. 2020ರ ಏಪ್ರಿಲಿನಲ್ಲಿ ಅವರೂ ಹೋದರು.

ಹಳಬರಲ್ಲಿ ಉಳಿದದ್ದು ಇಬ್ಬರೇ, ಮರೊನಾ ಮತ್ತು ಲೋಪೆಸ್ ಪುಚಿಯೊ. ಅವರಿಬ್ಬರೂ ಕೂತು ಕೊನೆಯ ಪ್ರದರ್ಶನ ಬರೆದರು. ಅಲ್ಲಿಯವರೆಗೆ ಹಳೆಯ ತುಣುಕುಗಳನ್ನೇ ಜೋಡಿಸಿ ಬಹಳ ವರ್ಷ ನಡೆದಿತ್ತು. ಇದು ಪೂರ್ತಿ ಹೊಸದು. 2022ರಲ್ಲಿ ರೊಸಾರಿಯೊದಲ್ಲಿ ಶುರು ಮಾಡಿದರು, ಪದ್ಧತಿಯ ಪ್ರಕಾರ.

ಅದರಲ್ಲಿ ಒಂದು ಟಿವಿ ಸಂದರ್ಶನದ ದೃಶ್ಯವಿದೆ. ಸಂದರ್ಶಕ ಕುರ್ಚಿಯಲ್ಲಿ ಕೂತಿದ್ದಾನೆ. ಎದುರಿನ ಕುರ್ಚಿ ಖಾಲಿ. ಅತಿಥಿ ಬರುತ್ತಾನೆ. ಅರ್ಧ ಶತಮಾನ ಫೈಲಿನೊಳಗೆ ಮಾತ್ರ ಇದ್ದ ಮನುಷ್ಯ, ಒಂದು ಸಲವೂ ಮುಖ ತೋರಿಸದವನು, ಯೊಹಾನ್ ಸೆಬಾಸ್ಟಿಯನ್ ಮಾಸ್ತ್ರೊಪಿಯೆರೊ, ಕೈಕಾಲು ಇರುವ ಮನುಷ್ಯನಾಗಿ ವೇದಿಕೆಗೆ ಬಂದು ಕೂರುತ್ತಾನೆ. ಅವನ ಕಥೆ ಓದಲು ಮುಂಡ್‌ಸ್ಟಾಕ್ ಇರಲಿಲ್ಲ. ಅವನೇ ಹೇಳಿಕೊಳ್ಳಬೇಕಾಯಿತು.

ಪ್ರೊಜೆಕ್ಟರ್ ಸರಿಹೋಯಿತಂತೆ. ಮೊದಲು ತೋರಿಸುವುದು ಆ ರಟ್ಟಿನ ಕೊಳವೆಯ ತುಣುಕು. ಹಿಂದಿನ ಸಾಲಿನವರು ದಯವಿಟ್ಟು ಮುಂದೆ ಬನ್ನಿ. ಸ್ಪೀಕರ್ ಬಾಕ್ಸು ಚಿಕ್ಕದು, ಇವತ್ತು ನಾನೊಬ್ಬನೇ ಹೊತ್ತು ತಂದದ್ದು.